ಬಣ್ಣದ ತ್ಯಾಜ್ಯನೀರಿಗೆ ಸೂಕ್ಷ್ಮಾಣು ಇಂಧನ ಕೋಶ ಮತ್ತು ಫೆಂಟನ್ ಉತ್ಕರ್ಷಣ: ದೋಷ ನಿವಾರಣೆ ಕೈಪಿಡಿ

ಸೂಕ್ಷ್ಮಾಣು ಇಂಧನ ಕೋಶ ಎಂದರೆ ಆಹಾರ ತಿನ್ನುವ ಬ್ಯಾಕ್ಟೀರಿಯಾಗಳಿಂದ ಕರೆಂಟ್ ಪಡೆಯುವ ಸಾಧನ. ಬ್ಯಾಕ್ಟೀರಿಯಾಗಳು ಎಲೆಕ್ಟ್ರಾನ್ ಕೊಡುವ ಅದರ ಆನೋಡ್‌ಗೆ ಆಮ್ಲಜನಕ ಆಗಿಬರುವುದಿಲ್ಲ. ಅಲ್ಲಿನ ಪಿಎಚ್ 7ರ ಆಸುಪಾಸಿನಲ್ಲಿರಬೇಕು. ಅದೇ ಕೋಶದ ಕ್ಯಾಥೋಡ್‌ನಲ್ಲಿ ಫೆಂಟನ್ ಕ್ರಿಯೆ, ಅಂದರೆ ಆಮ್ಲಜನಕದಿಂದ ಹುಟ್ಟಿದ ಹೈಡ್ರೋಜನ್ ಪೆರಾಕ್ಸೈಡ್ ಕಬ್ಬಿಣದ ಜೊತೆ ಸೇರಿ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಕೊಡುವ ಕ್ರಿಯೆ, ನಡೆಯಬೇಕಾದರೆ ಆಮ್ಲಜನಕ ಧಾರಾಳವಾಗಿ ಬೇಕು, ಪಿಎಚ್ 3ರ ಹತ್ತಿರವಿರಬೇಕು. ಈ ಎರಡು ಬೇಡಿಕೆಗಳ ನಡುವೆ ಇರುವುದು ಅರ್ಧ ಮಿಲಿಮೀಟರ್‌ಗೂ ತೆಳುವಾದ ಒಂದು ಮೆಂಬ್ರೇನ್ ಮಾತ್ರ. ಹೀಗಾಗಿ ಈ ವ್ಯವಸ್ಥೆಯಲ್ಲಿ ದೋಷ ಒಂದು ಕೋಣೆಯಲ್ಲಿದ್ದು, ಅದರ ಲಕ್ಷಣ ಇನ್ನೊಂದು ಕೋಣೆಯಲ್ಲಿ ಕಾಣಿಸಿಕೊಳ್ಳುವುದು ತೀರಾ ಸಾಮಾನ್ಯ. ವೋಲ್ಟೇಜ್ ಬಿದ್ದ ಕೂಡಲೇ ಬ್ಯಾಕ್ಟೀರಿಯಾ ಸತ್ತವೆಂದು ತೀರ್ಮಾನಿಸಿ ಹಳೆಯ ಫೆಲ್ಟ್ (ಎಲೆಕ್ಟ್ರೋಡ್ ಆಗಿರುವ ಗ್ರಾಫೈಟ್ ನಾರಿನ ಹಾಸು) ಎಸೆದು ಹೊಸ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಹಾಕಿದರೆ, ಚೆನ್ನಾಗಿದ್ದ ಬಯೋಫಿಲ್ಮ್ (ಫೆಲ್ಟ್ ಮೇಲೆ ಬೆಳೆದ ಬ್ಯಾಕ್ಟೀರಿಯಾ ಪದರ) ಕಳೆದುಕೊಂಡು ಮತ್ತೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಯಾವ ಕಡೆ ದೋಷವಿದೆ ಎಂದು ಅಳೆದು ಖಚಿತಪಡಿಸಿಕೊಳ್ಳುವ ತನಕ ಯಾವುದನ್ನೂ ಬದಲಿಸಬೇಡಿ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವ ಕೋಶ

ಕೆಳಗಿನ ಅಂಕಿಗಳೆಲ್ಲ ಪ್ರಯೋಗಾಲಯದ ಎರಡು ಕೋಣೆಗಳ ಕೋಶಕ್ಕೆ ಸಂಬಂಧಿಸಿದವು. ಪ್ರತಿ ಕೋಣೆಯಲ್ಲಿ 500 ಮಿ.ಲೀ. ದ್ರಾವಣ; ಎರಡೂ ಕಡೆ 5 × 10 ಸೆಂ.ಮೀ. ಗ್ರಾಫೈಟ್ ಫೆಲ್ಟ್, ನಡುವೆ ಸಿಎಂಐ-7000 ಕ್ಯಾಟಯಾನ್ ವಿನಿಮಯ ಮೆಂಬ್ರೇನ್, ಸಂಪರ್ಕಕ್ಕೆ ಟೈಟಾನಿಯಂ ತಂತಿ. ಆನೋಡ್‌ಗೆ ಲೀಟರ್‌ಗೆ 1 ಗ್ರಾಂ ಸೋಡಿಯಂ ಅಸಿಟೇಟ್, 0.31 ಗ್ರಾಂ ಅಮೋನಿಯಂ ಕ್ಲೋರೈಡ್, 0.13 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಪಿಎಚ್ 7ರ ಫಾಸ್ಫೇಟ್ ಬಫರ್. ಕ್ಯಾಥೋಡ್‌ಗೆ ಲೀಟರ್‌ಗೆ 7.1 ಗ್ರಾಂ ಸೋಡಿಯಂ ಸಲ್ಫೇಟ್, ಸಲ್ಫ್ಯೂರಿಕ್ ಆಮ್ಲದಿಂದ ಪಿಎಚ್ 3ಕ್ಕೆ ತಂದದ್ದು, ಜೊತೆಗೆ ನಿರಂತರ ಗಾಳಿ ಮತ್ತು ಕಬ್ಬಿಣ. ಬಣ್ಣದ ನೀರು ಮೊದಲು ಆನೋಡ್‌ಗೆ ಹೋಗಿ ಅಲ್ಲಿ ಅಜೋ ಬಂಧ (ಬಣ್ಣ ಕೊಡುವ, ಎರಡು ಸಾರಜನಕಗಳ ನಡುವಿನ ಬಂಧ) ಮುರಿಯುತ್ತದೆ. ಆಮೇಲೆ ಕ್ಯಾಥೋಡ್‌ಗೆ ಬಂದು, ಉಳಿದ ಅರೋಮ್ಯಾಟಿಕ್ ಅಮೈನ್‌ಗಳು ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳಿಂದ ಸುಟ್ಟುಹೋಗಬೇಕು. ನಿಮ್ಮ ಕೋಶ ಇದಕ್ಕಿಂತ ದೊಡ್ಡದೋ ಚಿಕ್ಕದೋ ಆಗಿದ್ದರೆ ಕರೆಂಟ್ ಮತ್ತು ಗಾತ್ರ ನೋಡಿ ಲೆಕ್ಕ ಬದಲಿಸಿಕೊಳ್ಳಿ, ವಿಧಾನ ಅದೇ.

ಮೊದಲು ಅಳೆಯಬೇಕಾದವು

ಎರಡು ಎಲೆಕ್ಟ್ರೋಡ್‌ಗಳ ನಡುವೆ ಜೋಡಿಸಿದ ರೆಸಿಸ್ಟರ್ ಹಾಗೇ ಇರಲಿ, ಗಾಳಿಯೂ ಹಾಗೇ ಹರಿಯುತ್ತಿರಲಿ. ಈ ಕ್ರಮದಲ್ಲಿ ಓದಿಕೊಳ್ಳಿ:

1. ರೆಸಿಸ್ಟರ್‌ನ ಎರಡು ತುದಿಗಳ ನಡುವಿನ ವೋಲ್ಟೇಜ್. ಅದನ್ನು ರೆಸಿಸ್ಟರ್ ಬೆಲೆಯಿಂದ ಭಾಗಿಸಿದರೆ ಕರೆಂಟ್. 100 ಓಮ್‌ಗೆ 0.2 ವೋಲ್ಟ್ ಇದ್ದರೆ 2 ಮಿಲಿಆಂಪಿಯರ್.
2. ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ (ಸ್ಥಿರ ವಿಭವವಿರುವ, ಹೋಲಿಕೆಗೆ ಬಳಸುವ ಎಲೆಕ್ಟ್ರೋಡ್) ಇಟ್ಟು ಆನೋಡ್ ವಿಭವ, ಆಮೇಲೆ ಕ್ಯಾಥೋಡ್ ವಿಭವ.
3. ಎರಡೂ ಕೋಣೆಗಳ ಪಿಎಚ್.
4. ಕ್ಯಾಥೋಡ್‌ನ ಕರಗಿದ ಆಮ್ಲಜನಕ ಮತ್ತು ಪೆರಾಕ್ಸೈಡ್.
5. ಕೊನೆಗೆ ಸರ್ಕ್ಯೂಟ್ ತೆರೆದು ಒಂದು ಗಂಟೆ ಬಿಟ್ಟು ಎರಡು ವಿಭವಗಳನ್ನು ಮತ್ತೊಮ್ಮೆ.

ಎಲೆಕ್ಟ್ರೋಡ್ ವಿಭವ ನೋಡದೆ ಬರೀ ಕೋಶದ ವೋಲ್ಟೇಜ್ ನೋಡಿ ದೋಷ ಹುಡುಕುವುದು ವ್ಯರ್ಥ ಪ್ರಯಾಸ. ವೋಲ್ಟೇಜ್ ಎಂಬುದು ಎರಡು ವಿಭವಗಳ ವ್ಯತ್ಯಾಸ. ಅದು ಬಿದ್ದಾಗ ಇಳಿದದ್ದು ಕ್ಯಾಥೋಡೋ ಏರಿದ್ದು ಆನೋಡೋ ಎಂದು ಅದೊಂದೇ ಅಂಕಿಯಿಂದ ತಿಳಿಯದು. ಹಾಗೆಯೇ ರೆಫರೆನ್ಸ್ ಎಲೆಕ್ಟ್ರೋಡನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಳೆಯಲು ಮಾತ್ರ ಬಳಸುವ, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಅದ್ದಿಟ್ಟ ಇನ್ನೊಂದು ರೆಫರೆನ್ಸ್ ಪಕ್ಕದಲ್ಲಿರಲಿ. ಎರಡನ್ನೂ ಒಂದೇ ದ್ರಾವಣದಲ್ಲಿಟ್ಟು ಮಲ್ಟಿಮೀಟರ್‌ಗೆ ಕೊಟ್ಟಾಗ ವ್ಯತ್ಯಾಸ 10 ಮಿಲಿವೋಲ್ಟ್ ಮೀರಿದರೆ ಕೋಶದಲ್ಲಿದ್ದದ್ದನ್ನು ಬದಲಿಸಿ. ಸಲ್ಫೈಡ್ ಇರುವ ಆನೋಡ್ ದ್ರಾವಣದಲ್ಲಿ ದಿನಗಟ್ಟಲೆ ಬಿಟ್ಟ ರೆಫರೆನ್ಸ್‌ನ ಬೆಳ್ಳಿ ತಂತಿ ಕಪ್ಪಾಗುತ್ತದೆ. ಆಮೇಲೆ ಅದರ ಓದು ಜಾರುತ್ತಲೇ ಹೋಗುತ್ತದೆ.

ಕ್ಯಾಥೋಡ್‌ಗೆ ಫೆರಿಸಯನೈಡ್ ಹಾಕಿ ವೋಲ್ಟೇಜ್ ಏರುತ್ತದೆಯೇ ನೋಡುವ ಪರೀಕ್ಷೆಯನ್ನು ಕೆಲವರು ಮಾಡುತ್ತಾರೆ. ಫೆಂಟನ್ ಕೋಶದಲ್ಲಿ ಇದು ಬೇಡವೇ ಬೇಡ. ಫೆರಿಸಯನೈಡ್ ಆಮ್ಲದ ಜೊತೆ ಸೇರಿದರೆ ಹೈಡ್ರೋಜನ್ ಸಯನೈಡ್ ಹೊರಬರುವ ಅಪಾಯವಿದೆ, ಕಬ್ಬಿಣದ ಜೊತೆ ಸೇರಿದರೆ ಫೆಲ್ಟ್ ತುಂಬಾ ನೀಲಿ ಕೆಸರು ಕೂರುತ್ತದೆ. ರೆಫರೆನ್ಸ್ ಎಲೆಕ್ಟ್ರೋಡ್ ಕೊಡುವ ಉತ್ತರಕ್ಕಿಂತ ಹೆಚ್ಚೇನೂ ಅದರಿಂದ ಸಿಗದು.

ಆನೋಡ್ ವಿಭವ ಏರಿದ್ದರೆ

ಸರ್ಕ್ಯೂಟ್ ತೆರೆದಾಗ ಅಸಿಟೇಟ್ ತಿನ್ನುವ ಆರೋಗ್ಯವಂತ ಆನೋಡ್ ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ಗೆ ಹೋಲಿಸಿ −0.45ರಿಂದ −0.5 ವೋಲ್ಟ್‌ಗೆ ಇಳಿಯಬೇಕು. ಇಳಿದರೆ ಬ್ಯಾಕ್ಟೀರಿಯಾಗಳು ಚೆನ್ನಾಗಿವೆ, ಆನೋಡ್ ಕೋಣೆಯನ್ನು ಮುಟ್ಟದೆ ಮುಂದಿನ ಭಾಗಕ್ಕೆ ಹೋಗಿ. −0.2ರಲ್ಲೇ ಅಥವಾ ಅದಕ್ಕೂ ಮೇಲೆ ನಿಂತುಬಿಟ್ಟರೆ ನಾಲ್ಕು ಕಾರಣಗಳನ್ನು ಈ ಕ್ರಮದಲ್ಲಿ ನೋಡಿ: ಆಹಾರ, ಆಮ್ಲಜನಕ, ಪಿಎಚ್, ವಿಷ.

ಆಹಾರದ ಪರೀಕ್ಷೆ ಸುಲಭ. ಸಾರಜನಕ ಹಾಯಿಸಿದ ನೀರಿನಲ್ಲಿ ಕರಗಿಸಿದ ಅಸಿಟೇಟನ್ನು, ಕೋಣೆಯಲ್ಲಿ ಲೀಟರ್‌ಗೆ 1 ಗ್ರಾಂ ಆಗುವಷ್ಟು ಹಾಕಿ. ಕೆಲವು ಗಂಟೆಗಳಲ್ಲಿ ವಿಭವ ಇಳಿಯತೊಡಗಿದರೆ ಕೊರತೆಯಾದದ್ದು ಆಹಾರ. ಆದರೆ ಅಲ್ಲಿಗೇ ನಿಲ್ಲಬೇಡಿ. ಅದು ಅಷ್ಟು ಬೇಗ ಯಾಕೆ ಖಾಲಿಯಾಯಿತು ಎಂಬ ಲೆಕ್ಕ ನೋಡಿ. 500 ಮಿ.ಲೀ.ನಲ್ಲಿರುವ ಅರ್ಧ ಗ್ರಾಂ ಅಸಿಟೇಟ್ ಸುಮಾರು 390 ಮಿ.ಗ್ರಾಂ ಸಿಒಡಿಗೆ (ಪೂರ್ತಿ ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಪ್ರಮಾಣ) ಸಮ. 2 ಮಿಲಿಆಂಪಿಯರ್ ಕರೆಂಟ್ ಒಂದು ದಿನ ಹರಿದರೆ 172.8 ಕೂಲಂಬ್, ಒಂದು ಫ್ಯಾರಡೆಗೆ, ಅಂದರೆ 96,485 ಕೂಲಂಬ್‌ಗೆ, 8 ಗ್ರಾಂ ಸಿಒಡಿಯಂತೆ ಇದು 14.3 ಮಿ.ಗ್ರಾಂ. ಮೂರೇ ದಿನದಲ್ಲಿ ಅಸಿಟೇಟ್ ಮುಗಿದರೆ ಕರೆಂಟ್ ಆಗಿ ಬಂದದ್ದು 43 ಮಿ.ಗ್ರಾಂ ಮಾತ್ರ, ಸುಮಾರು 11%. ಉಳಿದದ್ದು ಎಲ್ಲಿಗೆ ಹೋಯಿತು?

ಇಲ್ಲಿ ಬಹಳ ಮಂದಿ ಬಣ್ಣದ ಕಡೆ ಕೈ ತೋರಿಸುತ್ತಾರೆ, ಅಜೋ ಬಂಧ ಮುರಿಯಲು ಎಲೆಕ್ಟ್ರಾನ್ ಬೇಕಲ್ಲ ಎನ್ನುತ್ತಾರೆ. ಬೇಕು ನಿಜ, ಪ್ರತಿ ಬಂಧಕ್ಕೆ ನಾಲ್ಕು. ಆದರೆ ಪ್ರಮಾಣ ನೋಡಿ: ಆಸಿಡ್ ಆರೆಂಜ್ 7 ಎಂಬ ಅಜೋ ಬಣ್ಣದ ಅಣುತೂಕ ಸುಮಾರು 350. ಲೀಟರ್‌ಗೆ 100 ಮಿ.ಗ್ರಾಂ ಇರುವ 500 ಮಿ.ಲೀ. ನೀರಿನಲ್ಲಿ 0.14 ಮಿಲಿಮೋಲ್ ಬಣ್ಣ, ಅದಕ್ಕೆ 0.57 ಮಿಲಿಮೋಲ್ ಎಲೆಕ್ಟ್ರಾನ್, ಅಂದರೆ 4.6 ಮಿ.ಗ್ರಾಂ ಸಿಒಡಿ. 390ರಲ್ಲಿ ಇದು ಲೆಕ್ಕಕ್ಕೇ ಬಾರದು. ಕಳೆದುಹೋದ ಆಹಾರದ ಬಹುಪಾಲು ಮೀಥೇನ್ ಆಗಿರುತ್ತದೆ ಅಥವಾ ಒಳನುಸುಳಿದ ಆಮ್ಲಜನಕದಲ್ಲಿ ಉರಿದಿರುತ್ತದೆ. ಆನೋಡ್ ಕೋಣೆಯ ಮೇಲ್ಭಾಗದಲ್ಲಿ ಅನಿಲ ಸೇರುತ್ತಿದ್ದರೆ ಮೀಥೇನ್ ಶಂಕೆ ಬಲವಾಗುತ್ತದೆ. ಪರೀಕ್ಷೆಗೆಂದು ಒಂದೇ ಬ್ಯಾಚ್‌ಗೆ ಮೀಥೇನ್ ಹುಟ್ಟಿಸುವ ಸೂಕ್ಷ್ಮಾಣುಗಳನ್ನು ತಡೆಯುವ 10 ಮಿಲಿಮೋಲಾರ್ 2-ಬ್ರೋಮೋಎಥೇನ್ ಸಲ್ಫೋನೇಟ್ (ಸೋಡಿಯಂ ಲವಣವಾದರೆ ಲೀಟರ್‌ಗೆ 2.1 ಗ್ರಾಂ) ಹಾಕಿ ಆಹಾರ ಹೆಚ್ಚು ಕಾಲ ಬರುತ್ತದೆಯೇ ನೋಡಬಹುದು. ಶಾಶ್ವತ ಪರಿಹಾರಕ್ಕೆ ಅದು ಸಲ್ಲದು. ರೆಸಿಸ್ಟರ್ ಕಡಿಮೆ ಮಾಡಿ ಆನೋಡ್‌ಗೆ ಎಲೆಕ್ಟ್ರಾನ್ ಕೊಡುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿಕೊಡುವುದೇ ಒಳ್ಳೆಯದು.

ಅನಿಲ ಇಲ್ಲದಿದ್ದರೆ ಆಮ್ಲಜನಕ ಹುಡುಕಿ. ಬಣ್ಣವಿಲ್ಲದ ಒಂದು ಬ್ಯಾಚ್‌ಗೆ ಲೀಟರ್‌ಗೆ 1 ಮಿ.ಗ್ರಾಂ ರೆಸಜೂರಿನ್ ಹಾಕಿ. ಆಮ್ಲಜನಕ ಪೂರ್ತಿ ಹೋದಾಗ ಅದು ಬಣ್ಣವಿಲ್ಲದಂತಾಗಬೇಕು. ಗುಲಾಬಿ ಉಳಿದರೆ ಅಥವಾ ಗ್ಯಾಸ್ಕೆಟ್ ಬಳಿ ಗುಲಾಬಿ ಅಂಚು ಕಂಡರೆ ಸೋರಿಕೆ ಅಲ್ಲೇ ಇದೆ. ಗ್ಯಾಸ್ಕೆಟ್ ಸರಿ ಇದ್ದರೆ ಕೊಳವೆ ನೋಡಿ. ಸಿಲಿಕೋನ್ ಕೊಳವೆಯ ಗೋಡೆಯ ಮೂಲಕವೇ ಆಮ್ಲಜನಕ ಸಲೀಸಾಗಿ ಹಾದುಬರುತ್ತದೆ, ತೂತು ಇರಬೇಕಾಗಿಲ್ಲ. ಆನೋಡ್ ದ್ರಾವಣ ಸುತ್ತುವ ದಾರಿಯಲ್ಲಿ ಉದ್ದನೆಯ ಸಿಲಿಕೋನ್ ಕೊಳವೆ ಇದ್ದರೆ ವಿಟಾನ್‌ನಂಥ ಗಾಳಿ ಬಿಡದ ಕೊಳವೆಗೆ ಬದಲಿಸಿ. ಮೂರನೆಯ ದಾರಿ ಮೆಂಬ್ರೇನ್. ಕ್ಯಾಥೋಡ್‌ನ ಗಾಳಿಯನ್ನು ಒಂದು ಗಂಟೆ ನಿಲ್ಲಿಸಿದಾಗ, ತೆರೆದ ಸರ್ಕ್ಯೂಟ್‌ನಲ್ಲಿ ಆನೋಡ್ ವಿಭವ ಇನ್ನಷ್ಟು ಇಳಿದರೆ ಆಮ್ಲಜನಕ ಮೆಂಬ್ರೇನ್ ಮೂಲಕ ಬರುತ್ತಿದೆ.

ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಕರೆಂಟ್ ಗಮನಾರ್ಹವಾಗಿ ಕುಗ್ಗುತ್ತದೆ. ಆನೋಡ್ ಕ್ರಿಯೆಯೇ ಪ್ರೋಟಾನ್ ಬಿಡುಗಡೆ ಮಾಡುತ್ತದೆ, ಜೊತೆಗೆ ಪಿಎಚ್ 3ರ ಕ್ಯಾಥೋಡ್ ಪಕ್ಕದಲ್ಲೇ ಇದೆ. ಬಫರ್ ಕಡಿಮೆ ಇದ್ದ ಕೋಶ ಕೆಲವು ದಿನಗಳಲ್ಲಿ ಹುಳಿಯಾಗುವುದು ಇದರಿಂದಲೇ. ಕ್ಯಾಥೋಡ್ ಪಿಎಚ್ ಅನ್ನು 2.5ಕ್ಕೆ, 2ಕ್ಕೆ ಇಳಿಸಿ ಫೆಂಟನ್ ಚುರುಕುಗೊಳಿಸುವ ಪ್ರಯತ್ನ ಎರಡು ಕಡೆಯೂ ನಷ್ಟ: ಫೆಂಟನ್‌ಗೆ 2.8ರಿಂದ 3 ಸೂಕ್ತ, ಅದಕ್ಕಿಂತ ಕೆಳಗೆ ಅದು ನಿಧಾನವಾಗುತ್ತದೆ, ಆನೋಡ್ ಅಂತೂ ಕೆಡುತ್ತದೆ.

ಇವೆಲ್ಲ ಸರಿ ಇದ್ದರೆ ಮಾತ್ರ ವಿಷದ ಮಾತು. ಬಣ್ಣ ಹಾಕಿದಾಗ ವೋಲ್ಟೇಜ್ ಒಂದಿಷ್ಟು ಇಳಿದು ಬಣ್ಣ ಮುಗಿದ ಮೇಲೆ ತಾನಾಗಿ ಏರಿದರೆ ಅದು ಸಹಜ ಸ್ಪರ್ಧೆ. ಬಣ್ಣವಿಲ್ಲದ ಎರಡು ಬ್ಯಾಚ್ ಅಸಿಟೇಟ್ ಕೊಟ್ಟ ಮೇಲೂ ಏಳದಿದ್ದರೆ ವಿಷವಾಗಿದೆ ಎನ್ನಬಹುದು. ಆಗ ಬಣ್ಣವನ್ನು ಮಾತ್ರ ಅನುಮಾನಿಸಬೇಡಿ. ಕ್ಯಾಥೋಡ್ ನೀರನ್ನು ಆನೋಡ್‌ಗೆ ಮರಳಿ ಸುತ್ತಿಸುತ್ತಿದ್ದರೆ ಅದರಲ್ಲಿ ಉಳಿದ ಪೆರಾಕ್ಸೈಡ್ ಬಯೋಫಿಲ್ಮ್ ಕೊಲ್ಲುತ್ತದೆ. ತಾಮ್ರದ ಕ್ಲಿಪ್ ದ್ರಾವಣಕ್ಕೆ ತಾಗಿದ್ದರೆ ಕರಗಿದ ತಾಮ್ರವೂ ಅಷ್ಟೇ ಕೆಟ್ಟದ್ದು.

ಆನೋಡ್ ಸರಿ ಇದ್ದೂ ಕರೆಂಟ್ ಇಲ್ಲದಿದ್ದರೆ

ಮೊದಲು ಸಂಪರ್ಕ. ಟೈಟಾನಿಯಂ ತಂತಿಯ ಮೇಲೆ ಆಕ್ಸೈಡ್ ಪದರ ಕೂತು ಫೆಲ್ಟ್ ಮತ್ತು ತಂತಿಯ ನಡುವೆ ರೋಧ ಬೆಳೆಯುತ್ತದೆ. ಕೋಶ ಬಿಚ್ಚಿದಾಗ ತಂತಿ ತುದಿಯಿಂದ ಫೆಲ್ಟ್‌ನ ಅಂಚಿಗೆ ಅಳೆದರೆ ಕೆಲವೇ ಓಮ್ ಇರಬೇಕು. ಹತ್ತಾರು ಓಮ್ ಇದ್ದರೆ ತಂತಿಯನ್ನು ಮರಳುಕಾಗದದಿಂದ ಹೊಳೆಯುವ ಹಾಗೆ ಉಜ್ಜಿ, ಫೆಲ್ಟ್‌ನಲ್ಲಿ ನಾಲ್ಕೈದು ಕಡೆ ಹೊಲಿದು ಬಿಗಿಮಾಡಿ.

ಆಮೇಲೆ ಫೆಲ್ಟ್ ಒದ್ದೆಯಾಗಿದೆಯೇ ನೋಡಿ. ಹೊಸ ಗ್ರಾಫೈಟ್ ಫೆಲ್ಟ್ ನೀರನ್ನು ತಳ್ಳುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡು ಮೇಲ್ಮೈ ಮಾತ್ರ ಕೆಲಸ ಮಾಡುತ್ತಿರುತ್ತದೆ. ಹಿಂಡಿದಾಗ ಗುಳ್ಳೆ ಬಂದರೆ ಇದೇ ದೋಷ. ಎಥನಾಲ್‌ನಲ್ಲಿ ನೆನೆಸಿ, ನೀರಿನಲ್ಲಿ ಚೆನ್ನಾಗಿ ತೊಳೆದು ಒದ್ದೆ ಇರುವಾಗಲೇ ಜೋಡಿಸಿ. ಒಲೆ ಲಭ್ಯವಿದ್ದರೆ ಗಾಳಿಯಲ್ಲಿ 400ರಿಂದ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸುವುದು ಇನ್ನೂ ಉತ್ತಮ.

ಮೂರನೆಯದು ಮೆಂಬ್ರೇನ್. ಕ್ಯಾಥೋಡ್ ಕಡೆಯ ಕಬ್ಬಿಣ ಅದರೊಳಗೆ ಸೇರಿ, ಆನೋಡ್ ಕಡೆಯ ಹೆಚ್ಚಿನ ಪಿಎಚ್‌ಗೆ ಸಿಕ್ಕಿ ಅಲ್ಲೇ ಹೆಪ್ಪುಗಟ್ಟುತ್ತದೆ. ಮೆಂಬ್ರೇನ್ ಕಂದುಬಣ್ಣಕ್ಕೆ ತಿರುಗಿದ್ದರೆ ಶೇಕಡ 2ರ ಆಕ್ಸಾಲಿಕ್ ಆಮ್ಲದಲ್ಲಿ ಕಂದು ಹೋಗುವ ತನಕ ನೆನೆಸಿ, ತೊಳೆದು, ಶೇಕಡ 5ರ ಉಪ್ಪುನೀರಿನಲ್ಲಿ 40 ಡಿಗ್ರಿಯಲ್ಲಿ 12 ಗಂಟೆ ಇಟ್ಟು ಮತ್ತೆ ಬಳಸಿ. ಆನೋಡ್ ಕಡೆಯ ಲೋಳೆಯನ್ನು ಮೆತ್ತನೆಯ ಸ್ಪಂಜಿನಿಂದ ಒರೆಸಿದರೆ ಸಾಕು. ಆಮ್ಲ ಹಾಕುವ ಮೊದಲು ಮೆಂಬ್ರೇನ್ ಕೋಶದಿಂದ ಹೊರಗಿರಲಿ.

ಕರೆಂಟ್ ಇದೆ, ಪೆರಾಕ್ಸೈಡ್ ಇಲ್ಲ

ಎಷ್ಟು ಬರಬೇಕು ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ. ಆಮ್ಲಜನಕ ಎರಡು ಎಲೆಕ್ಟ್ರಾನ್ ಪಡೆದು ಪೆರಾಕ್ಸೈಡ್ ಆಗುವಾಗ 1 ಮಿಲಿಆಂಪಿಯರ್ ಕರೆಂಟ್ ಗಂಟೆಗೆ ಹೆಚ್ಚೆಂದರೆ 0.634 ಮಿ.ಗ್ರಾಂ ಪೆರಾಕ್ಸೈಡ್ ಕೊಡಬಲ್ಲದು. 2 ಮಿಲಿಆಂಪಿಯರ್ ಕೋಶ 5 ಗಂಟೆಯಲ್ಲಿ 6.3 ಮಿ.ಗ್ರಾಂ, ಅಂದರೆ 500 ಮಿ.ಲೀ.ಗೆ ಲೀಟರ್‌ಗೆ 12.7 ಮಿ.ಗ್ರಾಂ. ಕಬ್ಬಿಣ ಹಾಕದ ಶುದ್ಧ ಸಲ್ಫೇಟ್ ದ್ರಾವಣದಲ್ಲಿ 5 ಗಂಟೆ ಓಡಿಸಿ ಅಳೆದಾಗ ಲೀಟರ್‌ಗೆ 5 ಮಿ.ಗ್ರಾಂ ಬಂದರೆ ದಕ್ಷತೆ ಸುಮಾರು 40%. ದಿನಗಟ್ಟಲೆ ಬಿಟ್ಟು ಅಳೆಯಬೇಡಿ; ಸೇರಿದ ಪೆರಾಕ್ಸೈಡ್ ಅದೇ ಕ್ಯಾಥೋಡ್‌ನಲ್ಲಿ ಮತ್ತೆ ನೀರಾಗುತ್ತಾ ಹೋಗುತ್ತದೆ.

ಅಳತೆಗೆ ಟೈಟಾನಿಯಂ ಲವಣ ಹಾಕಿ ಬರುವ ಹಳದಿಯನ್ನು 400 ನ್ಯಾನೋಮೀಟರ್‌ನಲ್ಲಿ ಓದುವ ವಿಧಾನ ಸಾಕು. ಬಣ್ಣದ ನೀರಾದರೆ ಟೈಟಾನಿಯಂ ಹಾಕದ ಅದೇ ಮಾದರಿಯನ್ನು ಬ್ಲ್ಯಾಂಕ್ ಆಗಿ ಇಟ್ಟುಕೊಳ್ಳಲೇಬೇಕು, ಇಲ್ಲದಿದ್ದರೆ ಬಣ್ಣವನ್ನೇ ಪೆರಾಕ್ಸೈಡ್ ಎಂದು ಓದಿಬಿಡುತ್ತೀರಿ.

ಓದು ಸೊನ್ನೆಗೆ ಹತ್ತಿರವಿದ್ದರೆ ಎರಡು ಸಾಧ್ಯತೆ: ಪೆರಾಕ್ಸೈಡ್ ಹುಟ್ಟುತ್ತಿಲ್ಲ, ಅಥವಾ ಹುಟ್ಟಿದ್ದು ಸಾಯುತ್ತಿದೆ. ಬೇರ್ಪಡಿಸಲು ಸರ್ಕ್ಯೂಟ್ ತೆರೆದು, ಲೀಟರ್‌ಗೆ 20 ಮಿ.ಗ್ರಾಂ ಆಗುವಷ್ಟು ಪೆರಾಕ್ಸೈಡನ್ನು ಕ್ಯಾಥೋಡ್‌ಗೆ ನೀವೇ ಹಾಕಿ ಒಂದು ಗಂಟೆ ನೋಡಿ. ಅದು ಮಾಯವಾದರೆ ಫೆಲ್ಟ್‌ನಲ್ಲಿ ಹಳೆಯ ಕಬ್ಬಿಣ, ಮ್ಯಾಂಗನೀಸ್ ಅಥವಾ ತಾಮ್ರ ಕೂತಿದೆ. ಫೆಲ್ಟ್ ಹೊರತೆಗೆದು 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದ ನೀರಿನ ಪಿಎಚ್ ಸ್ಥಿರವಾಗುವ ತನಕ ತೊಳೆಯಿರಿ. ಹಾಕಿದ್ದು ಹಾಗೇ ಉಳಿದರೆ ಹುಟ್ಟುವುದರಲ್ಲೇ ತೊಂದರೆ. ಕರಗಿದ ಆಮ್ಲಜನಕ 25 ಡಿಗ್ರಿಯಲ್ಲಿ ಪರ್ಯಾಪ್ತ ಮಟ್ಟವಾದ ಲೀಟರ್‌ಗೆ 8 ಮಿ.ಗ್ರಾಂ ಹತ್ತಿರ ಇರಬೇಕು. ಗಾಳಿಯ ಕಲ್ಲು ಫೆಲ್ಟ್‌ನ ಕೆಳಗಿರಲಿ, ಮೂಲೆಯಲ್ಲಿ ಅಲ್ಲ. ಕ್ಯಾಥೋಡ್‌ಗೆ ಪ್ಲಾಟಿನಂ ಲೇಪಿಸಿದ್ದರೆ ತೆಗೆದುಹಾಕಿ. ಅದು ಆಮ್ಲಜನಕವನ್ನು ನಾಲ್ಕು ಎಲೆಕ್ಟ್ರಾನ್‌ಗಳ ದಾರಿಯಲ್ಲಿ ನೇರ ನೀರಾಗಿಸುತ್ತದೆ. ವಿದ್ಯುತ್ತಿಗೆ ಒಳ್ಳೆಯದು, ಪೆರಾಕ್ಸೈಡ್‌ಗೆ ಶತ್ರು. ರೆಸಿಸ್ಟರ್ 1000 ಓಮ್‌ನಲ್ಲೇ ಉಳಿದಿದ್ದರೆ ಕರೆಂಟ್ ಸಾಲದು. ಇಲ್ಲಿ ನಮಗೆ ಬೇಕಿರುವುದು ಗರಿಷ್ಠ ಕರೆಂಟ್, ಗರಿಷ್ಠ ವೋಲ್ಟೇಜ್ ಬೇಡ. 100, 50, 20 ಓಮ್ ಎಂದು ಇಳಿಸುತ್ತಾ ಹೋಗಿ, ಪ್ರತಿ ಹಂತದಲ್ಲೂ ಆನೋಡ್ ವಿಭವ ಸ್ಥಿರವಾಗಿ ನಿಲ್ಲುತ್ತದೆಯೇ ನೋಡಿಕೊಳ್ಳಿ.

ಪೆರಾಕ್ಸೈಡ್ ಇದೆ, ಕಬ್ಬಿಣ ಇದೆ, ಆದರೂ ಕೆಲಸವಾಗುತ್ತಿಲ್ಲ

ಕ್ಯಾಥೋಡ್ ದ್ರಾವಣವನ್ನು ಬೆಳಕಿಗೆ ಹಿಡಿದು ನೋಡಿ. ತಿಳಿ ಹಳದಿ, ಪಾರದರ್ಶಕ: ಕಬ್ಬಿಣ ಕರಗಿದೆ. ಕಂದು, ಮಬ್ಬು: ಪಿಎಚ್ 4 ದಾಟಿ ಫೆರಿಕ್ ಹೈಡ್ರಾಕ್ಸೈಡ್ ಕೆಳಗಿಳಿಯುತ್ತಿದೆ. ಬಿಳಿಚು ಹಳದಿಯ ಮಬ್ಬು ಪಿಎಚ್ 3ರಲ್ಲೇ ಕಂಡರೆ ಫೆರಿಕ್ ಫಾಸ್ಫೇಟ್.

ಪಿಎಚ್ ಏರುವುದು ಈ ಕೋಶದ ಹುಟ್ಟುಗುಣ. ಪೆರಾಕ್ಸೈಡ್ ಆಗುವಾಗ ಪ್ರತಿ ಎಲೆಕ್ಟ್ರಾನ್‌ಗೆ ಒಂದು ಪ್ರೋಟಾನ್ ಖರ್ಚಾಗುತ್ತದೆ, ಆದರೆ ಮೆಂಬ್ರೇನ್ ದಾಟಿ ಬರುವುದು ಬಹುಪಾಲು ಸೋಡಿಯಂ ಮತ್ತು ಪೊಟ್ಯಾಸಿಯಂ, ಏಕೆಂದರೆ ಪಿಎಚ್ 7ರ ಆನೋಡ್ ದ್ರಾವಣದಲ್ಲಿ ಅವೇ ಪ್ರೋಟಾನ್‌ಗಿಂತ ಲಕ್ಷಪಟ್ಟು ಹೆಚ್ಚು. ಪಿಎಚ್ 3ರ 500 ಮಿ.ಲೀ. ದ್ರಾವಣದಲ್ಲಿರುವ ಪ್ರೋಟಾನ್ ಬರೀ 0.5 ಮಿಲಿಮೋಲ್. 2 ಮಿಲಿಆಂಪಿಯರ್ ಗಂಟೆಗೆ 0.075 ಮಿಲಿಮೋಲ್ ತಿನ್ನುತ್ತದೆ. ಏಳು ಗಂಟೆಯೊಳಗೆ ಖಜಾನೆ ಖಾಲಿ. ಬೆಳಿಗ್ಗೆ ಪಿಎಚ್ 3 ಮಾಡಿ ಮರುದಿನ ಬೆಳಿಗ್ಗೆ ಬಂದು ನೋಡುವವರಿಗೆ ಕಂದು ಕೆಸರು ಕಾಣುವುದು ಇದಕ್ಕೇ. ದಿನಕ್ಕೆ ಸುಮಾರು 1.8 ಮಿ.ಲೀ. 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲ ಬೇಕಾಗುತ್ತದೆ. ಅದನ್ನು ಒಂದೇ ಸಲ ಸುರಿಯದೆ ಪಿಎಚ್ ಕಂಟ್ರೋಲರ್ ಮೂಲಕ ಹನಿಹನಿಯಾಗಿ ಕೊಡಿ. ಕಂಟ್ರೋಲರ್ ಇಲ್ಲದಿದ್ದರೆ ಎರಡು ಗಂಟೆಗೊಮ್ಮೆ ಅಳೆದು ಕೈಯಿಂದಲೇ ಹಾಕಿ. ಇದು ಆಗದ ಮಾತು ಎನಿಸಿದರೆ ಮ್ಯಾಗ್ನಟೈಟ್‌ನಂಥ ಘನ ವೇಗವರ್ಧಕ ಯೋಚಿಸಬಹುದು. ಅದು ನಿಧಾನ, ಮೇಲಾಗಿ ಅದರಿಂದ ಕರಗಿ ಬರುವ ಕಬ್ಬಿಣವೇ ಕೆಲಸ ಮಾಡುತ್ತಿದೆಯೇ ಎಂದು 1,10-ಫೆನಾಂತ್ರೊಲಿನ್ ಹಾಕಿ 510 ನ್ಯಾನೋಮೀಟರ್‌ನಲ್ಲಿ ಅಳೆದು ನೋಡಬೇಕಾಗುತ್ತದೆ.

ಫಾಸ್ಫೇಟ್ ದೋಷ ವಿನ್ಯಾಸದ್ದು. ಆನೋಡ್‌ಗೆ ಒಳ್ಳೆಯದೆಂದು ಹಾಕಿದ 50 ಮಿಲಿಮೋಲಾರ್ ಫಾಸ್ಫೇಟ್ ಬಫರ್, ನೀರಿನ ಜೊತೆ ಕ್ಯಾಥೋಡ್‌ಗೆ ಬಂದು ಅಲ್ಲಿರುವ ಅರ್ಧ ಮಿಲಿಮೋಲಾರ್ ಕಬ್ಬಿಣವನ್ನು ಪೂರ್ತಿ ಕಟ್ಟಿಹಾಕುತ್ತದೆ. ಒಂದರ ನಂತರ ಒಂದು ಕೋಣೆಗೆ ನೀರು ಹೋಗುವ ವ್ಯವಸ್ಥೆಯಲ್ಲಿ, ಬಯೋಫಿಲ್ಮ್ ಬೆಳೆದ ಮೇಲೆ ಬೈಕಾರ್ಬನೇಟ್ ಬಫರ್‌ಗೆ ಬದಲಾಯಿಸಿ. ಬೈಕಾರ್ಬನೇಟ್ ಕೂಡ ರ್‍ಯಾಡಿಕಲ್ ನುಂಗುತ್ತದೆ. ಆದರೆ ಆಮ್ಲ ಹಾಕಿ ಅರ್ಧ ಗಂಟೆ ಗಾಳಿ ಹಾಯಿಸಿದರೆ ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ, ಫಾಸ್ಫೇಟ್ ಹಾಗೆ ಹೋಗುವುದಿಲ್ಲ.

ಕಬ್ಬಿಣದ ಪ್ರಮಾಣ: 0.5 ಮಿಲಿಮೋಲಾರ್, ಅಂದರೆ ಏಳು ನೀರಿನ ಫೆರಸ್ ಸಲ್ಫೇಟ್ ಲೀಟರ್‌ಗೆ 139 ಮಿ.ಗ್ರಾಂ, ಇಲ್ಲಿಂದ ಶುರುಮಾಡಿ. ಹೆಚ್ಚು ಹಾಕಿದರೆ ಹೆಚ್ಚುವರಿ ಫೆರಸ್ ರ್‍ಯಾಡಿಕಲ್ ಅನ್ನೇ ತಿನ್ನುತ್ತದೆ, ಫೆರಿಕ್ ಕ್ಯಾಥೋಡ್‌ನಲ್ಲಿ ಆಮ್ಲಜನಕದ ಪಾಲಿನ ಎಲೆಕ್ಟ್ರಾನ್ ಕಸಿಯುತ್ತದೆ. ಡಬ್ಬಿಯಲ್ಲಿರುವ ಹಸಿರು ಹರಳು ಹಳದಿಮಿಶ್ರಿತ ಕಂದಾಗಿದ್ದರೆ ಹೊಸದು ತನ್ನಿ.

ಇಷ್ಟಾದರೂ ಬಗೆಹರಿಯದಿದ್ದರೆ ಕೋಶವನ್ನು ಬದಿಗಿಟ್ಟು ಬೀಕರ್ ಪರೀಕ್ಷೆ ಮಾಡಿ. ಎರಡು ಬೀಕರ್: ಒಂದರಲ್ಲಿ ಭಟ್ಟಿ ಇಳಿಸಿದ ನೀರಿನಲ್ಲಿ ಲೀಟರ್‌ಗೆ 20 ಮಿ.ಗ್ರಾಂ ಆಸಿಡ್ ಆರೆಂಜ್ 7, ಇನ್ನೊಂದರಲ್ಲಿ ಅಷ್ಟೇ ಬಣ್ಣ ನಿಮ್ಮ ತ್ಯಾಜ್ಯನೀರಿನಲ್ಲಿ. ಎರಡಕ್ಕೂ ಪಿಎಚ್ 3, 0.5 ಮಿಲಿಮೋಲಾರ್ ಫೆರಸ್, ಲೀಟರ್‌ಗೆ 50 ಮಿ.ಗ್ರಾಂ ಪೆರಾಕ್ಸೈಡ್. ಅರ್ಧ ಗಂಟೆಯಲ್ಲಿ ಮೊದಲನೆಯದು ತಿಳಿಯಾಗಿ ಎರಡನೆಯದು ಉಳಿದರೆ ನೀರಿನಲ್ಲೇ ರ್‍ಯಾಡಿಕಲ್ ನುಂಗುವ ಅಥವಾ ಕಬ್ಬಿಣ ಕಟ್ಟಿಹಾಕುವ ಪದಾರ್ಥವಿದೆ. ಆನೋಡ್‌ನಲ್ಲಿ ಮುಗಿಯದೆ ಬಂದ ಅಸಿಟೇಟ್ ಕೂಡ ಆ ಪಟ್ಟಿಯಲ್ಲಿದೆ. ಎರಡೂ ತಿಳಿಯಾಗದಿದ್ದರೆ ರಾಸಾಯನಿಕವೇ ಹಳೆಯದು.

ಬಣ್ಣ ಹೋಯಿತು, ಆದರೆ ನೀರು ಶುದ್ಧವಾಗಿಲ್ಲ

ಬಣ್ಣ ಹೋದದ್ದನ್ನೇ ಯಶಸ್ಸು ಎಂದು ಬರೆದುಕೊಳ್ಳುವುದು ಈ ಕ್ಷೇತ್ರದ ಅತಿ ದೊಡ್ಡ ಅಪಾಯ. ಬಣ್ಣ ಮೂರು ರೀತಿಯಲ್ಲಿ ಸುಳ್ಳು ಹೇಳಬಲ್ಲದು.

ಮೊದಲನೆಯದು ಫೆಲ್ಟ್‌ಗೆ ಅಂಟಿಕೊಂಡಿರುವುದು. ಹೊಸ ಫೆಲ್ಟ್ ಮೊದಲ ಕೆಲವು ಬ್ಯಾಚ್ ಬಣ್ಣವನ್ನು ಹೀರಿಕೊಂಡು ಆಮೇಲೆ ನಿಲ್ಲಿಸುತ್ತದೆ. ‘ದಿನೇ ದಿನೇ ದಕ್ಷತೆ ಕುಸಿಯುತ್ತಿದೆ’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಫೆಲ್ಟ್‌ನ ಒಂದು ತುಂಡನ್ನು ಎಥನಾಲ್‌ನಲ್ಲಿ ಅಲುಗಾಡಿಸಿ, ಬಣ್ಣ ಬಿಡುತ್ತದೆಯೇ ನೋಡಿ.

ಎರಡನೆಯದು ತಾತ್ಕಾಲಿಕ ಅಪಕರ್ಷಣ. ಮೆಥಿಲೀನ್ ಬ್ಲೂ ಆನೋಡ್‌ನಲ್ಲಿ ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತದೆ, ಮುರಿಯುವುದಿಲ್ಲ. ಸೋಸಿದ ನೀರನ್ನು ತೆರೆದ ಬೀಕರ್‌ನಲ್ಲಿ ಅರ್ಧ ಗಂಟೆ ಕಲಕಿ. ನೀಲಿ ಮರಳಿದರೆ ಅಲ್ಲಿ ಏನೂ ವಿಘಟನೆಯಾಗಿಲ್ಲ. ಅಜೋ ಬಣ್ಣದ ನೀರು ಗಾಳಿಯಲ್ಲಿ ನಿಧಾನವಾಗಿ ಕಂದಾದರೆ ಅದು ಬೇರೆ ಸಂಗತಿ: ಬಂಧ ಮುರಿದು ಬಂದ ಅಮಿನೋನ್ಯಾಫ್ತಾಲ್‌ನಂಥವು ಗಾಳಿಗೆ ಉತ್ಕರ್ಷಣಗೊಳ್ಳುತ್ತಿವೆ.

ಮೂರನೆಯದು ಪಿಎಚ್ ಆಟ. ಮೀಥೈಲ್ ಆರೆಂಜ್ ತಟಸ್ಥ ನೀರಿನಲ್ಲಿ 464 ನ್ಯಾನೋಮೀಟರ್‌ನಲ್ಲಿ ಶಿಖರ ತೋರಿಸಿದರೆ, ಪಿಎಚ್ 3ರಲ್ಲಿ ಕೆಂಪಾಗಿ ಶಿಖರ 505ರ ಕಡೆ ಸರಿಯುತ್ತದೆ. ಆಮ್ಲದ ಮಾದರಿಯನ್ನು 464ರಲ್ಲಿ ಮಾತ್ರ ಓದಿದರೆ ಇಲ್ಲದ ಬದಲಾವಣೆ ಕಾಣುತ್ತದೆ. ಅದೇ ಪಿಎಚ್‌ನಲ್ಲಿ ಕ್ಯಾಲಿಬ್ರೇಶನ್ ಮಾಡಿ, ಅಥವಾ 484ರ ಬಳಿ ಶಿಖರವಿದ್ದು 3ರಿಂದ 7ರ ನಡುವೆ ಬದಲಾಗದ ಆಸಿಡ್ ಆರೆಂಜ್ 7 ಬಳಸಿ. ಯಾವ ಬಣ್ಣವಾದರೂ ಒಂದೇ ತರಂಗಾಂತರದ ಓದು ಸಾಲದು, 200ರಿಂದ 700ರ ತನಕ ಪೂರ್ತಿ ಸ್ಪೆಕ್ಟ್ರಮ್ ತೆಗೆಯಿರಿ. ಆನೋಡ್ ದಾಟಿದ ಆಸಿಡ್ ಆರೆಂಜ್ 7ರಲ್ಲಿ 484 ಮಾಯವಾಗಿ 248ರ ಬಳಿ ಏರಿಕೆ ಕಾಣಬೇಕು. ಅದು ಸಲ್ಫಾನಿಲಿಕ್ ಆಮ್ಲ. ಕ್ಯಾಥೋಡ್ ಕೆಲಸ ಮಾಡಿದೆ ಎನ್ನಲು ಆ ಏರಿಕೆ ಕರಗಬೇಕು.

ಸಿಒಡಿ ಇಳಿಯುವ ಬದಲು ಏರಿದರೆ ಗಾಬರಿಯಾಗಬೇಡಿ. ಉಳಿದ ಪ್ರತಿ 1 ಮಿ.ಗ್ರಾಂ ಪೆರಾಕ್ಸೈಡ್ 0.47 ಮಿ.ಗ್ರಾಂ ಸಿಒಡಿಯಂತೆ, ಪ್ರತಿ 1 ಮಿ.ಗ್ರಾಂ ಫೆರಸ್ 0.14 ಮಿ.ಗ್ರಾಂ ಸಿಒಡಿಯಂತೆ ಕಾಣಿಸಿಕೊಳ್ಳುತ್ತದೆ. ಮಾದರಿಗೆ ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ, ಗುಳ್ಳೆ ನಿಂತ ಮೇಲೆ 0.45 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಿ, ಪೆರಾಕ್ಸೈಡ್ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಅಳೆಯಿರಿ. ಕ್ಲೋರೈಡ್ ಹೆಚ್ಚಿದ್ದರೆ ಮರ್ಕ್ಯುರಿಕ್ ಸಲ್ಫೇಟ್ ಹಾಕಿಯೂ ಲೀಟರ್‌ಗೆ 2000 ಮಿ.ಗ್ರಾಂ ಮೀರಿದ ಮಾದರಿಯನ್ನು ನಂಬುವಂತಿಲ್ಲ, ನೀರು ಬೆರೆಸಿ ತೆಳುಮಾಡಿ.

ಇನ್ನೊಂದು ಲೆಕ್ಕವನ್ನೂ ಪ್ರಾಮಾಣಿಕವಾಗಿ ನೋಡಬೇಕು. 2 ಮಿಲಿಆಂಪಿಯರ್ ಕೋಶ ನೂರಕ್ಕೆ ನೂರು ದಕ್ಷತೆಯಲ್ಲಿ ದಿನಕ್ಕೆ ಕೊಡುವುದು ಲೀಟರ್‌ಗೆ 61 ಮಿ.ಗ್ರಾಂ ಪೆರಾಕ್ಸೈಡ್, ಅದರ ಉತ್ಕರ್ಷಣ ಶಕ್ತಿ ಲೀಟರ್‌ಗೆ 29 ಮಿ.ಗ್ರಾಂ ಸಿಒಡಿಗೆ ಸಮ. ಕ್ಯಾಥೋಡ್‌ಗೆ 400 ಮಿ.ಗ್ರಾಂ ಸಿಒಡಿಯ ನೀರು ಕೊಟ್ಟು ಒಂದೇ ದಿನದಲ್ಲಿ ಶುದ್ಧವಾಗಲಿಲ್ಲ ಎಂದರೆ ಕೋಶದಲ್ಲಿ ದೋಷವಿಲ್ಲ, ಹೊರೆ ಹೆಚ್ಚಾಗಿದೆ. ಆನೋಡ್‌ನಲ್ಲೇ ಅಸಿಟೇಟ್ ಪೂರ್ತಿ ಮುಗಿಯುವ ಹಾಗೆ ಸಮಯ ಕೊಡಿ, ಕರೆಂಟ್ ಹೆಚ್ಚಿಸಿ, ಅಥವಾ ಕ್ಯಾಥೋಡ್ ಸಮಯ ಉದ್ದ ಮಾಡಿ.

ನಿಜವಾದ ಡೈಯಿಂಗ್ ನೀರು ಬಂದಾಗ

ಕೃತಕ ನೀರಿನಲ್ಲಿ ಚೆನ್ನಾಗಿದ್ದ ಕೋಶ ಕಾರ್ಖಾನೆಯ ನೀರಿಗೆ ಕೈಕೊಡುವುದು ಬಣ್ಣಕ್ಕಿಂತ ಹೆಚ್ಚಾಗಿ ಬಣ್ಣದ ಜೊತೆ ಬರುವುದರಿಂದ. ರಿಯಾಕ್ಟಿವ್ ಡೈ ಸ್ನಾನದಲ್ಲಿ ಲೀಟರ್‌ಗೆ ಹತ್ತಾರು ಗ್ರಾಂ ಉಪ್ಪು, ಸೋಡಾ ಬೂದಿಯಿಂದ ಪಿಎಚ್ 10ರಿಂದ 11 ಇರುತ್ತದೆ. ಬ್ಲೀಚಿಂಗ್ ನೀರು ಸೇರಿದ್ದರೆ ಪೆರಾಕ್ಸೈಡ್ ಇರುತ್ತದೆ, ಆನೋಡ್‌ಗೆ ಬಿಡುವ ಮೊದಲು ಪೆರಾಕ್ಸೈಡ್ ಪಟ್ಟಿಯಿಂದ ಪರೀಕ್ಷಿಸಿ. ವ್ಯಾಟ್ ಡೈ ನೀರಾದರೆ ಉಳಿದ ಹೈಡ್ರೋಸಲ್ಫೈಟ್ ಕ್ಯಾಥೋಡ್‌ನ ಆಮ್ಲಜನಕವನ್ನೂ ಪೆರಾಕ್ಸೈಡನ್ನೂ ತಿಂದುಬಿಡುತ್ತದೆ. ಮೊದಲೇ ತೊಟ್ಟಿಯಲ್ಲಿ ಗಾಳಿ ಹಾಯಿಸಿ.

ಸಲ್ಫೇಟ್ ಹೆಚ್ಚಿರುವ ನೀರು ಆನೋಡ್‌ನಲ್ಲಿ ಸಲ್ಫೈಡ್ ಆಗುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಕಪ್ಪು ಕೆಸರು ಇದರ ಗುರುತು. ಸಲ್ಫೈಡ್ ತಾನೇ ಆನೋಡ್‌ಗೆ ಎಲೆಕ್ಟ್ರಾನ್ ಕೊಟ್ಟು ಕರೆಂಟನ್ನು ಕೆಲಕಾಲ ಹೆಚ್ಚಿಸಬಹುದು, ಹಾಗಾಗಿ ಮೀಟರ್ ನೋಡಿ ಸಂತೋಷಪಡಬೇಡಿ. ಈ ನೀರನ್ನು ನೇರವಾಗಿ ಪಿಎಚ್ 3ಕ್ಕೆ ತಂದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಒಮ್ಮೆಲೇ ಹೊರಬರುತ್ತದೆ, ಅದು ಪ್ರಾಣಕ್ಕೇ ಅಪಾಯ. ತಟಸ್ಥ ಪಿಎಚ್‌ನಲ್ಲೇ ಗಾಳಿ ಹಾಯಿಸಿ ಸಲ್ಫೈಡ್ ಕಳೆದ ಮೇಲೆ, ಫ್ಯೂಮ್ ಹುಡ್ ಕೆಳಗೆ ಆಮ್ಲ ಹಾಕಿ. ಪರೀಕ್ಷೆಗೆ ಕಾಂಗೋ ರೆಡ್ ಆರಿಸಬೇಡಿ: ಆನೋಡ್‌ನಲ್ಲಿ ಅದು ಒಡೆದಾಗ ಹುಟ್ಟುವುದು ಕ್ಯಾನ್ಸರ್‌ಕಾರಕ ಬೆಂಜಿಡಿನ್. ಬೇರೆ ಅಜೋ ಬಣ್ಣಗಳ ಆನೋಡ್ ನೀರನ್ನೂ ಕೈಗವಸು ಇಲ್ಲದೆ ಮುಟ್ಟಬೇಡಿ.

ಸರಿಪಡಿಸಿದ ಮೇಲೆ ಮತ್ತೆ ಶುರುಮಾಡುವುದು

ಆನೋಡ್‌ಗೆ ಬಣ್ಣವಿಲ್ಲದ ಅಸಿಟೇಟ್ ಕೊಟ್ಟು 1000 ಓಮ್‌ನಲ್ಲಿ ಬಿಡಿ. ಎರಡು ಬ್ಯಾಚ್‌ಗಳಲ್ಲಿ ಗರಿಷ್ಠ ವೋಲ್ಟೇಜ್ ಒಂದೇ ರೀತಿ ಬಂದ ಮೇಲೆ 500, 200, 100 ಓಮ್‌ಗೆ ಇಳಿಸಿ. ರೋಧ ಇಳಿಸಿದಾಗ ಆನೋಡ್ ವಿಭವ ದಿಢೀರನೆ ಸೊನ್ನೆಯ ಕಡೆ ಏರಿದರೆ ಬಯೋಫಿಲ್ಮ್ ಇನ್ನೂ ಸಿದ್ಧವಿಲ್ಲ, ಹಿಂದಿನ ರೆಸಿಸ್ಟರ್‌ಗೇ ಮರಳಿ. ಬಣ್ಣವನ್ನು ಲೀಟರ್‌ಗೆ 20, 50, 100 ಮಿ.ಗ್ರಾಂ ಎಂದು ಏರಿಸುತ್ತಾ ಪ್ರತಿ ಹಂತದಲ್ಲೂ ಎರಡು ಬ್ಯಾಚ್ ಓಡಿಸಿ. ಕಾರ್ಖಾನೆಯ ನೀರಾದರೆ ಕಾಲು ಭಾಗದಿಂದ ಆರಂಭಿಸಿ. ಕ್ಯಾಥೋಡ್‌ನಲ್ಲಿ ಮೊದಲು ಕಬ್ಬಿಣವಿಲ್ಲದೆ ಪೆರಾಕ್ಸೈಡ್ ದಕ್ಷತೆ ಅಳೆದು ಬರೆದಿಟ್ಟುಕೊಳ್ಳಿ, ಕಬ್ಬಿಣ ಎಲ್ಲಕ್ಕಿಂತ ಕೊನೆಗೆ. ಒಮ್ಮೆ ಕಬ್ಬಿಣ ಬಿದ್ದ ಮೇಲೆ ಫೆಲ್ಟ್ ಆಮ್ಲದಲ್ಲಿ ತೊಳೆಯದೆ ಆ ಅಳತೆಯನ್ನು ಮತ್ತೆ ಮಾಡಲಾಗದು.